ಬುಧವಾರದ ಕೂಪನ್

ಲಾಫ್ಲಿನ್, ನೆವಾಡಾ
ಮಾರ್ಚ್ 2, 2019

ಪ್ರೀತಿಯ ಮಾರ್ಲಿಸ್,

ಈ ಒಂದು ಮಾತನ್ನು ಬಿಟ್ಟು ಉಳಿದದ್ದೆಲ್ಲ ಬರೆಯೋಣ ಎಂದುಕೊಂಡೇ ಪೆನ್ನು ಹಿಡಿದೆ. ಎರಡು ಹಾಳೆ ಹರಿದು ಹಾಕಿದ ಮೇಲೆ ಅದನ್ನೇ ಮೊದಲು ಬರೆಯುತ್ತಿದ್ದೇನೆ: ಹೋದ ಸೋಮವಾರ ನಾನು ಫೋನ್ ಮಾಡಿದ್ದು ನಿಮ್ಮ ನೆನಪಾಗಿ ಅಲ್ಲ. ನಿಮ್ಮ ಹೆಸರು ಪಟ್ಟಿಯಲ್ಲಿ ಬಂದಿತ್ತು.

ಪ್ರತಿ ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಪಟ್ಟಿ ಇರುತ್ತದೆ. ತಿಂಗಳು ಮೀರಿದರೂ ಕಾಪರ್ ಹೆರಾನ್ ಕ್ಯಾಸಿನೊಗೆ ಕಾಲಿಡದವರ ಹೆಸರುಗಳು, ಹೆಸರಿನ ಮುಂದೆ ಎಷ್ಟು ದಿನವಾಯಿತು ಎಂಬ ಅಂಕಿ. ನಿಮ್ಮ ಹೆಸರಿನ ಮುಂದೆ ನಲವತ್ತು ಎಂದಿತ್ತು. ಅಂಥವರಿಗೆಲ್ಲ ಫೋನ್ ಮಾಡಿ, ಮೊಣಕಾಲು ಹೇಗಿದೆ, ನಾಯಿ ಹೇಗಿದೆ ಎಂದು ವಿಚಾರಿಸಿ, ಒಂದು ಊಟವನ್ನೋ ಒಂದು ರಾತ್ರಿಯ ಕೋಣೆಯನ್ನೋ ಬಿಟ್ಟಿಯಾಗಿ ಕೊಟ್ಟು ಮತ್ತೆ ಬರುವಂತೆ ಮಾಡುವುದು ನನ್ನ ಕೆಲಸ. ಹೋಸ್ಟ್ ಎಂದರೆ ಅಷ್ಟೇ. ನೀವು ಎಂಟು ವರ್ಷ ನನ್ನ ಪಕ್ಕದ ಟ್ರೇಲರ್ ಮನೆಯಲ್ಲಿದ್ದವರು. ನಾನು ಇಲ್ಲಿ ಪಾನೀಯದ ತಟ್ಟೆ ಹೊತ್ತು ಓಡಾಡುತ್ತಿದ್ದ ಕಾಲದಲ್ಲಿ ನನ್ನ ಮಗಳು ಇಟ್ಸೆಲ್‌ಗೆ ಊಟ ಹಾಕಿ, ಜಡೆ ಹೆಣೆದು, ನೀವೇ ಓಡಿಸುತ್ತಿದ್ದ ಶಾಲಾ ಬಸ್ಸಿನಲ್ಲಿ ಕೂರಿಸಿಕೊಂಡು ಹೋದವರು. ನಿಮಗೆ ನಾನು ಹೇಳಿದ್ದು ಇದು: “ಬೆಳಿಗ್ಗೆಯಿಂದ ಯಾಕೋ ನಿಮ್ದೇ ನೆನಪು, ಮಾರ್ಲಿಸ್. ನೀವಿಲ್ದೆ ಇಲ್ಲೆಲ್ಲ ಬಿಕೋ ಅಂತಿದೆ.” ಅದೇ ಬೆಳಿಗ್ಗೆ ಅದೇ ಮಾತನ್ನು ಹನ್ನೊಂದು ಜನರಿಗೆ ಹೇಳಿದ್ದೆ.

ಬುಧವಾರ ಹತ್ತು ಗಂಟೆಯ ದೋಣಿಯಲ್ಲಿ ನದಿ ದಾಟಿ ನೀವು ಬಂದಿರಿ. ನಾನು ಕಟ್ಟೆಯ ಮೇಲೆ ನಿಂತು ಕೈ ಬೀಸಿದೆ. “ನಲವತ್ತೆರಡು ದಿನ ಆಯ್ತು ಕಣೇ,” ಎಂದಿರಿ. “ಇನ್ಮೇಲೆ ಅಷ್ಟು ದಿನ ಬಿಟ್ಟಿರ್ಬೇಡಿ!” ಎಂದು ನಾನು ನಕ್ಕೆ. ನೀವು ನಗಲಿಲ್ಲ. ಅದು ದೂರಲ್ಲ, ಆಡದೆ ಉಳಿದ ಹೆಮ್ಮೆ ಎಂದು ನನಗೆ ಹೊಳೆದದ್ದು ಮಧ್ಯಾಹ್ನ ಮೂರಕ್ಕೆ. ಆಡಿ ಮುಗಿಸಿ, ವಾಪಸ್ ದೋಣಿಗೆ ಕಾಯುತ್ತ ಅದೇ ಕಟ್ಟೆಯ ಕಂಬಿ ಹಿಡಿದು ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ನಂಗೆ ಫೋನ್ ಮಾಡ್ಬೇಡ, ಮೋನಾ. ನಿನ್ನ ದನಿ ಕೇಳಿದ್ರೆ ನನ್ನ ಕೈ ತಾನಾಗೇ ಪರ್ಸ್ ಹುಡುಕುತ್ತೆ. ಹೇಳೋದಿದ್ರೆ ಬರೆದು ಹಾಕು.”

ಬರೆದಿದ್ದೇನೆ. ಕ್ಷಮೆ ಕೇಳಬೇಕೋ, ಕೇಳುವ ಯೋಗ್ಯತೆ ಇದೆಯೋ, ಎರಡೂ ಗೊತ್ತಿಲ್ಲ.

ನಿಮ್ಮ
ರಮೋನಾ

*

ಬುಲ್‌ಹೆಡ್ ಸಿಟಿ, ಅರಿಜೋನಾ
ಮಾರ್ಚ್ 14

ಮೋನಾ,

ಹನ್ನೊಂದು ಜನ ಎಂದು ಬರೆದಿದ್ದೀಯ. ಅದರಲ್ಲಿ ನಾನು ಎಷ್ಟನೆಯವಳು?

ಹೋಗಲಿ ಬಿಡು. ನಲವತ್ತು ದಿನ ಹೇಗೆ ಕಳೆದೆ ಎಂದು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಮೊದಲ ವಾರ ಆರ್ಲೋನ ಶೆಡ್ ಗುಡಿಸಿದೆ. ಅವನು ಸತ್ತು ನಾನು ವಿಧವೆಯಾಗಿ ಎರಡು ವರ್ಷದ ಮೇಲಾಯಿತು, ಮೊಳೆಗಳನ್ನು ಅಳತೆಯ ಪ್ರಕಾರ ಜಾಮ್ ಬಾಟಲಿಗಳಲ್ಲಿ ತುಂಬಿಟ್ಟದ್ದು ಹಾಗೇ ಇದೆ. ಎರಡನೇ ವಾರ ಓಟ್‌ಮನ್‌ಗೆ ಹೋಗಿ ರಸ್ತೆಯ ಮೇಲಿನ ಕತ್ತೆಗಳಿಗೆ ಕ್ಯಾರೆಟ್ ತಿನ್ನಿಸಿದೆ. ಮೂರನೆಯ ವಾರದಿಂದ ಚರ್ಚಿನ ಹಳೆ ಬಟ್ಟೆ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಕೂತೆ. ಬುಧವಾರಗಳನ್ನು ಹೇಗೆ ಕಳೆದೆ ಎಂದು ಮಾತ್ರ ಕೇಳಬೇಡ.

ನಿಮ್ಮವರ ಬಿಟ್ಟಿ ಆಟದ ಕೂಪನ್ನುಗಳು ತಪ್ಪದೆ ಬರುತ್ತಿದ್ದವು. ಫ್ರಿಜ್ಜಿಗೆ ಅಂಟಿಸಿಟ್ಟಿದ್ದೆ. ಒಂದು ಬುಧವಾರಕ್ಕೆ, ಒಂದು ಶುಕ್ರವಾರಕ್ಕೆ. ಎರಡನ್ನೂ ಒಂದೇ ದಿನ ಕೊಟ್ಟರೆ ಒಂದೇ ಸಲ ನದಿ ದಾಟುತ್ತೇನಲ್ಲ, ಅದಕ್ಕೆ. ಹೋದ ವರ್ಷ ಪಾತ್ರೆ ಕೊಟ್ಟಿರಿ, ನೆನಪಿದೆಯೇ? ಆರು ಗುರುವಾರ, ವಾರಕ್ಕೊಂದು. ನನ್ನ ಹಳೆಯ ಪಾತ್ರೆಗೆ ಏನೂ ಆಗಿರಲಿಲ್ಲ. ಆದರೆ ಮುಚ್ಚಳ ಆರನೆಯ ವಾರ ಕೊಡುತ್ತಾರೆ. ಮುಚ್ಚಳವಿಲ್ಲದ ಪಾತ್ರೆ ಇಟ್ಟುಕೊಂಡು ಯಾರು ಕೂರುತ್ತಾರೆ, ಹೇಳು?

ನಾನು ದಡ್ಡಿ ಎಂದುಕೊಳ್ಳಬೇಡ. ಒಂದು ಡಾಲರ್ ಹಾಕಿದರೆ ಆ ಜೂಜಿನ ಯಂತ್ರ ಮೂವತ್ತು ಸೆಂಟು ವಾಪಸ್ ಕೊಟ್ಟು, ಗೆದ್ದೆ ಎಂಬಂತೆ ವಾದ್ಯ ಬಾರಿಸುತ್ತದೆ. ಎಪ್ಪತ್ತು ಹೋಯಿತು ಎಂದು ನನ್ನ ತಲೆಗೆ ಗೊತ್ತು. ಕೈಗೆ ಗೊತ್ತಿಲ್ಲ. ಗೆಲ್ಲಬೇಕೆಂಬ ಆಸೆಯೂ ಇಲ್ಲ. ಗೆದ್ದರೆ ಇನ್ನಷ್ಟು ಹೊತ್ತು ಕೂರಬಹುದು, ಅಷ್ಟಕ್ಕೆ. ಅಲ್ಲಿ ಕೂತಿರುವಷ್ಟು ಹೊತ್ತು ಆರ್ಲೋ ಸತ್ತಿರುವುದಿಲ್ಲ, ಬದುಕಿಯೂ ಇರುವುದಿಲ್ಲ. ಆ ಮಾತೇ ಏಳುವುದಿಲ್ಲ.

ಎರಡು ಕೆಲಸ ಮಾಡು. ನನ್ನ ಹೆಸರನ್ನು ಆ ಪಟ್ಟಿಯಿಂದ ತೆಗೆಸು. ಮತ್ತೆ, ನಿನ್ನ ಕಂಪ್ಯೂಟರಿನಲ್ಲಿ ನನ್ನ ಬಗ್ಗೆ ಏನೇನು ಬರೆದಿದೆ ಎಂದು ತಿಳಿಸು. ಬಸ್ಸಿನಲ್ಲಿ ನಾನೂ ಮಕ್ಕಳ ಬಗ್ಗೆ ಬರೆದಿಡುತ್ತಿದ್ದೆ: ಇವಳಿಗೆ ಕಡಲೆಕಾಯಿ ಒಗ್ಗುವುದಿಲ್ಲ, ಇವನ ಅಪ್ಪನ ಕೈಗೆ ಇವನನ್ನು ಕೊಡಕೂಡದು. ಆದ್ದರಿಂದ ಬರೆದಿರುತ್ತದೆ ಎಂದು ನನಗೆ ಗೊತ್ತು.

ಮಾರ್ಲಿಸ್

*

ಲಾಫ್ಲಿನ್
ಏಪ್ರಿಲ್ 6

ಪ್ರೀತಿಯ ಮಾರ್ಲಿಸ್,

ನೀವು ಒಂಬತ್ತನೆಯವರು. ಕೇಳಿದ್ದಿರಲ್ಲ.

ಹೆಸರು ತೆಗೆಸುವುದು ನಾನೆಣಿಸಿದಷ್ಟು ಸುಲಭವಲ್ಲ. ನಾನು ನಿಮ್ಮನ್ನು ನನ್ನ ಪಟ್ಟಿಯಿಂದ ಬಿಟ್ಟರೆ ಇನ್ನೊಬ್ಬ ಹೋಸ್ಟ್ ಟ್ರೆಂಟ್‌ಗೆ ಕೊಡುತ್ತಾರೆ. ಅವನು ನನಗಿಂತ ಚೆನ್ನಾಗಿ ನಗಿಸುತ್ತಾನೆ. ಅಂಚೆ ನಿಲ್ಲಿಸುವುದಕ್ಕೂ, ಫೋನ್ ನಿಲ್ಲಿಸುವುದಕ್ಕೂ, ಬಾಗಿಲಲ್ಲೇ ನಿಮ್ಮನ್ನು ತಡೆಯುವುದಕ್ಕೂ ಇರುವುದು ಒಂದೇ ದಾರಿ: ತನ್ನನ್ನು ತಾನೇ ಹೊರಗಿಟ್ಟುಕೊಳ್ಳುವ ಅರ್ಜಿ. ಸಹಿ ಹಾಕಿದರೆ ಜೀವನಪರ್ಯಂತ. ಆಮೇಲೆ ಒಳಗೆ ಬಂದರೆ ಪೊಲೀಸರನ್ನು ಕರೆಯುತ್ತಾರೆ, ಗೆದ್ದರೂ ಕೊಡುವುದಿಲ್ಲ. ನದಿಯುದ್ದಕ್ಕೂ ಬೇರೆ ಕ್ಯಾಸಿನೊಗಳ ಬಾಗಿಲು ತೆರೆದೇ ಇರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿ ನಿಮ್ಮ ಹೆಸರು ಹಿಡಿದು ಕರೆಯುವವರಿಲ್ಲ.

ಆ ಅರ್ಜಿಗೆ ನೀವೇ ಬಂದು, ಭದ್ರತಾ ಮೇಲ್ವಿಚಾರಕರ ಎದುರಿಗೆ ಸಹಿ ಹಾಕಬೇಕು; ಫೋಟೊ ತೆಗೆಯುತ್ತಾರೆ. ಅವರ ಕಿಟಕಿ ಇರುವುದು ಒಳಗೆ, ಕೊನೆಯಲ್ಲಿ, ಬಫೆ ಊಟದ ಸಾಲಿನ ಹಿಂದೆ. ಅರ್ಜಿಯನ್ನು ನಾನೇ ನಿಮ್ಮ ಮನೆಗೆ ತರಬಹುದೇ ಎಂದು ಗಾರ್ಡಿಯನ್ನು ಕೇಳಿದೆ. ನನ್ನ ಮೇಲಿನವನು ಅವನೇ. “ಆ ಹಾಳೆ ಈ ಕಟ್ಟಡ ದಾಟಲ್ಲ, ರಮೋನಾ. ಯಾರಿಗೆ ಬೇಕೋ ಅವರು ನಡ್ಕೊಂಡು ಬರ್ತಾರೆ,” ಎಂದ.

ಕಿಟಕಿ ತೆರೆದಿರುವುದು ಸೋಮವಾರದಿಂದ ಶುಕ್ರವಾರದವರೆಗೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ಇಟ್ಸೆಲ್ ಟೂಸಾನ್‌ನಲ್ಲಿ ಚೆನ್ನಾಗಿದ್ದಾಳೆ, ನರ್ಸಿಂಗ್ ಎರಡನೇ ವರ್ಷ. ನಿಮ್ಮನ್ನು ಕೇಳಿದಳು.

ನಿಮ್ಮ
ರಮೋನಾ

*

ಬುಲ್‌ಹೆಡ್ ಸಿಟಿ
ಮೇ 9

ಮೋನಾ,

ಅರ್ಜಿಗೆಂದೇ ಮೂರು ಸಲ ಬಂದೆ. ನಿನಗೆ ಕಾಣದಂತೆ ಬಂದೆ.

ಮೊದಲ ಸಲ ನದಿಯ ಕಡೆಯ ಬಾಗಿಲಿನಿಂದ ಒಳಗೆ ಹೊಕ್ಕೆ. ಅಲ್ಲಿ ನೇರವಾದ ದಾರಿ ಎಂಬುದೇ ಇಲ್ಲ, ಗಮನಿಸಿದ್ದೀಯಾ? ಮೂವತ್ತೆರಡು ವರ್ಷ ಬಸ್ ಓಡಿಸಿದವಳು ನಾನು. ರಸ್ತೆ ನೋಡಿದರೆ ಹಾಕಿದವನ ಮನಸ್ಸು ತಿಳಿಯುತ್ತದೆ. ಆ ಕಾರ್ಪೆಟ್ಟಿನ ದಾರಿ ಹಾಕಿದವನಿಗೆ ಯಾರೂ ಎಲ್ಲಿಗೂ ತಲುಪುವುದು ಬೇಕಿರಲಿಲ್ಲ. ಎರಡು ತಿರುವು ದಾಟಿದೆ, ಮೂರನೆಯದರಲ್ಲಿ ನನ್ನ ಯಂತ್ರ. ಅವತ್ತು ಅಲ್ಲಿಂದ ಮುಂದೆ ಹೋಗಲಿಲ್ಲ.

ಎರಡನೆಯ ಸಲ ನೆಲ ನೋಡಿಕೊಂಡೇ ನಡೆದೆ. ಯಂತ್ರ ರಿಪೇರಿಯ ವೆಂಡೆಲ್ ಅಡ್ಡ ಬಂದ. “ಓಹೋ, ಮಾರ್ಲಿಸ್! ನಿಮ್ ಕುರ್ಚಿ ಬಿಸಿಯಾಗೇ ಇಟ್ಟಿದ್ದೀನಿ ನೋಡಿ.”

“ಇವತ್ತು ಆಡಕ್ಕೆ ಬಂದಿಲ್ಲ ಮಾರಾಯ. ಅರ್ಜಿ ಕೊಡಕ್ಕೆ ಬಂದೆ.”

“ಕೊಡಿ, ಕೊಡಿ. ಅರ್ಜಿ ಎಲ್ಲಿಗೆ ಓಡಿ ಹೋಗುತ್ತೆ? ಅಷ್ಟು ದೂರದಿಂದ ಬಂದಿದ್ದೀರಿ, ಐದು ನಿಮಿಷ ಕಾಲು ಚಾಚಿ.”

ಅವನದೇನೂ ತಪ್ಪಿಲ್ಲ, ಒಳ್ಳೆಯ ಮನುಷ್ಯ. ಅವತ್ತು ಸಾವಿರದ ಚಿಲ್ಲರೆ ಗೆದ್ದೆ. ಯಂತ್ರದ ತಲೆಯ ಮೇಲೆ ದೀಪ ತಿರುಗಿತು. ಆಮ್ಲಜನಕದ ಸಿಲಿಂಡರ್ ಎಳೆದುಕೊಂಡು ಬರುವ ಪಕ್ಕದ ಮುದುಕ ಚಪ್ಪಾಳೆ ಹೊಡೆದ. ಅಷ್ಟು ಜನ ಅಭಿನಂದಿಸುತ್ತಿರುವಾಗ ಎದ್ದುಹೋಗಿ “ನನ್ನನ್ನು ಹೊರಗೆ ಹಾಕಿ” ಎಂದು ಹೇಗೆ ಕೇಳುವುದು? ಗೆದ್ದದ್ದು ಎರಡು ದಿನದಲ್ಲಿ ಬಂದ ದಾರಿಗೇ ಹೋಯಿತು.

ಮೂರನೆಯ ಸಲ ಕಿಟಕಿ ಮುಟ್ಟಿದೆ. ಹೌದು, ಮುಟ್ಟಿದೆ! ಕಿಟಕಿಯ ಕಟ್ಟೆಯ ಮೇಲೆ ಎರಡೂ ಕೈ ಊರಿ ನಿಂತೆ. ಅಲ್ಲಿದ್ದ ಹೆಂಗಸು, “ಅಯ್ಯೋ, ಮೇಲ್ವಿಚಾರಕರು ಈಗಷ್ಟೇ ಊಟಕ್ಕೆ ಹೋದ್ರು, ಚಿನ್ನ. ಇಪ್ಪತ್ತು ನಿಮಿಷ,” ಎಂದಳು. ಪಾಪ, ನನ್ನ ಮುಖ ನೋಡಿ ಕರುಣೆ ಬಂದಿರಬೇಕು. “ಕಾಯೋ ಹಾಗಾಯ್ತಲ್ಲ, ತಗೊಳ್ಳಿ,” ಎಂದು ಡ್ರಾಯರಿನಿಂದ ಏನೋ ತೆಗೆದು ಕೊಟ್ಟಳು. ಹತ್ತು ಡಾಲರಿನ ಆಟದ ಕೂಪನ್.

ನಕ್ಕೆ ನಾನು. ಜೋರಾಗಿಯೇ ನಕ್ಕೆ. ಆಮೇಲೆ ಹೋಗಿ ಆಡಿದೆ.

ನನ್ನಿಂದ ನಿಲ್ಲಿಸಲು ಆಗುತ್ತಿಲ್ಲ, ಮೋನಾ. ಇದನ್ನು ನನ್ನ ಕೈಯಾರೆ ಬರೆಯುವುದಕ್ಕೆ ಇಷ್ಟು ದಿನ ಬೇಕಾಯಿತು. ಆ ಹಾಳೆಯನ್ನು ಯಾರಾದರೂ ಈ ದಡಕ್ಕೆ ತಂದಿದ್ದರೆ, ನನ್ನ ಅಡುಗೆಮನೆಯ ಮೇಜಿನ ಮೇಲೆ ಈಗಲೇ, ಈ ಪೆನ್ನಿನಿಂದಲೇ ಸಹಿ ಹಾಕುತ್ತಿದ್ದೆ.

ನನ್ನ ಬಗ್ಗೆ ಏನು ಬರೆದಿದೆ ಎಂದು ಕೇಳಿದ್ದೆ. ನೀನು ಉತ್ತರಿಸಲಿಲ್ಲ.

ಮಾರ್ಲಿಸ್ ಹ್ಯೂಗ್ಲೆಂಡ್

*

ಲಾಫ್ಲಿನ್
ಮೇ 26

ಪ್ರೀತಿಯ ಮಾರ್ಲಿಸ್,

ಮೊದಲಿಗೆ, ನಾನು ಏಪ್ರಿಲ್‌ನಲ್ಲಿ ಬರೆಯಬೇಕಾಗಿದ್ದ ವಾಕ್ಯ: ಬನ್ನಿ, ನಾನು ಕೈಹಿಡಿದು ಆ ಕಿಟಕಿಯವರೆಗೆ ಕರೆದೊಯ್ಯುತ್ತೇನೆ. ಯಾವ ದಿನ, ಯಾವ ದೋಣಿ ಎಂದು ಹೇಳಿ, ಕಟ್ಟೆಯಲ್ಲಿರುತ್ತೇನೆ. ನನ್ನ ಮೇಜಿನಿಂದ ಆ ಕಿಟಕಿ ಕೂಗಿದರೆ ಕೇಳುವಷ್ಟು ಹತ್ತಿರ. ಆಗ ಯಾಕೆ ಬರೆಯಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಸಮಯವನ್ನೂ ವಾರವನ್ನೂ ಅಷ್ಟು ಸ್ಪಷ್ಟವಾಗಿ ಬರೆದವಳು ನಾನು. ಗುಮಾಸ್ತೆಯಂತೆ.

ಈಗ ನಿಮ್ಮ ಪ್ರಶ್ನೆ. ಉತ್ತರಿಸದೆ ನಿಮ್ಮನ್ನು ಮೊದಲು ಕಿಟಕಿಗೆ ಕರೆದೊಯ್ಯಬಹುದಿತ್ತು. ಅದೇ ಜಾಣತನ. ಆದರೆ ಮುಚ್ಚಿಟ್ಟು ಕೈಹಿಡಿದರೆ ಅದು ಹೋಸ್ಟ್ ಕೈಹಿಡಿದಂತೆ ಆಗುತ್ತದೆ.

ಪ್ರತಿಯೊಬ್ಬರ ಹೆಸರಿನ ಕೆಳಗೂ ಒಂದು ಖಾಲಿ ಜಾಗವಿದೆ, ಹೋಸ್ಟ್ ಬರೆಯುವುದಕ್ಕೆ. ನಿಮ್ಮದರಲ್ಲಿ ಇರುವುದೆಲ್ಲ ನನ್ನ ಬರಹ. ಕಪ್ಪು ಕಾಫಿ. ಶುಕ್ರವಾರದ ಮೀನೂಟ, ಗಂಡನ ಜೊತೆ. ನಾಯಿ ಇಲ್ಲ. ಆಮೇಲೆ, ಆರ್ಲೋ ತೀರಿಕೊಂಡ ತಿಂಗಳಲ್ಲಿ, ಇದು: “ಗಂಡ ತೀರಿಕೊಂಡದ್ದು ಬುಧವಾರ. ಬುಧವಾರ ಮನೆಯಲ್ಲಿ ಒಬ್ಬರೇ ಇರುತ್ತಾರೆ, ಅಳುತ್ತಾರೆ. ಅವತ್ತು ಯಾರೂ ಫೋನ್ ಮಾಡಬೇಡಿ.”

ನಿಮ್ಮನ್ನು ಕಾಪಾಡುತ್ತಿದ್ದೇನೆ ಎಂದುಕೊಂಡೇ ಬರೆದೆ. ಟ್ರೆಂಟ್‌ನಂಥವರು ಆ ದಿನ ನಿಮಗೆ ತೊಂದರೆ ಕೊಡದಿರಲಿ ಎಂದು. ಆ ಜಾಗವನ್ನು ನಾವು ಮಾತ್ರ ಓದುವುದಿಲ್ಲ, ಕೂಪನ್ ಕಳಿಸುವವರೂ ಓದುತ್ತಾರೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಕ್ಷಣ ಹೊಳೆಯಲಿಲ್ಲ. ಮೂರು ವಾರಕ್ಕೆ ನಿಮ್ಮ ಕೂಪನ್ನಿನ ದಿನ ಮಂಗಳವಾರದಿಂದ ಬುಧವಾರಕ್ಕೆ ಬದಲಾಯಿತು. ನಾನು ಅದನ್ನು ನೋಡಿದೆ. ಸರಿಪಡಿಸಿ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆದರೆ ನೀವು ವಾರ ವಾರ ಬರತೊಡಗಿದಿರಿ. ನನ್ನ ಪಟ್ಟಿ ಚೆನ್ನಾಗಿ ಕಾಣತೊಡಗಿತು. ಸರಿ, ಮನೆಯಲ್ಲಿ ಕೂತು ಅಳುವುದಕ್ಕಿಂತ ಇಲ್ಲಿ ನಾಲ್ಕು ಜನರ ನಡುವೆ ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿಯೂಬಿಟ್ಟೆ.

ಮೊನ್ನೆ ಆ ಸಾಲನ್ನು ಅಳಿಸಲು ಹೋದೆ. ಬರೆಯಬಹುದು, ಅಳಿಸಲು ಬರುವುದಿಲ್ಲ.

ನಿಮ್ಮ ದಿನ ತಿಳಿಸಿ. ಕಾಯುತ್ತಿರುತ್ತೇನೆ.

ರಮೋನಾ

*

ಬುಲ್‌ಹೆಡ್ ಸಿಟಿ
ಜೂನ್ 12

ರಮೋನಾ,

ಬುಧವಾರದ ಕೂಪನ್ ಮೊದಲ ಸಲ ಬಂದಾಗ ಅಂಚೆ ಪೆಟ್ಟಿಗೆಯ ಹತ್ತಿರವೇ ಕೂತುಬಿಟ್ಟಿದ್ದೆ. ವಾರಕ್ಕೆ ಏಳು ದಿನ ಇರುವಾಗ ಅದೇ ದಿನ ಹೇಗೆ ಬಂತು ಎಂದು. ಆರ್ಲೋ ಕಳಿಸಿದ್ದಾನೆ ಎಂದುಕೊಂಡೆ. ಮನೆಯಲ್ಲಿ ಕೂರಬೇಡ, ಎದ್ದು ಹೋಗು ಎನ್ನುತ್ತಿದ್ದಾನೆ ಎಂದು. ಎರಡು ವರ್ಷ ಹಾಗೇ ನಂಬಿದ್ದೆ. ಯಾರಿಗೂ ಹೇಳಿರಲಿಲ್ಲ, ಹುಚ್ಚಿ ಎನ್ನುತ್ತಾರೆಂದು.

ನೀನು ಕಳಿಸಿದ್ದು.

ನಿನ್ನ ಕೈ ಹಿಡಿದು ನಾನು ಎಲ್ಲಿಗೂ ನಡೆಯುವುದಿಲ್ಲ. ಇನ್ನು ಬರೆಯಬೇಡ.

ಮಾ. ಹ್ಯೂಗ್ಲೆಂಡ್

*

ಲಾಫ್ಲಿನ್
ಆಗಸ್ಟ್ 3

ಮಾರ್ಲಿಸ್,

ಬರೆಯಬೇಡ ಎಂದಿದ್ದೀರಿ. ಏಳು ವಾರ ಬರೆಯಲಿಲ್ಲ. ಇದನ್ನು ಓದದೆ ಹರಿದರೂ ಸರಿ.

ಜುಲೈ ಪೂರ್ತಿ ನಿಮ್ಮನ್ನು ನೋಡುತ್ತಿದ್ದೆ. ಈಗ ವಾರಕ್ಕೆ ಐದು ದಿನ. ಹೊರಗೆ ನೂರಾ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ಕಾರಿನ ಬಾಗಿಲು ಮುಟ್ಟಿದರೆ ಬೊಬ್ಬೆ ಏಳುವ ಬಿಸಿಲು. ಬೆಳಿಗ್ಗೆ ಮೊದಲ ದೋಣಿಗೇ ಬರುತ್ತೀರಿ. ಇಷ್ಟು ಬಿಸಿಲಿಗೆ ಮನೆಯಲ್ಲಿ ಇರುವುದು ಹೇಗೆ ಎಂದು ಎಲ್ಲರೂ ಹೇಳುವ ಮಾತನ್ನು ನೀವೂ ವೆಂಡೆಲ್‌ಗೆ ಹೇಳುವುದು ಕೇಳಿಸಿತು. ನನ್ನ ಮೇಲಿನ ಸಿಟ್ಟಿಗೆ ನೀವು ಆಡುತ್ತಿದ್ದೀರಿ ಎಂದು ಒಮ್ಮೆ ಅನಿಸಿತು. ಆಮೇಲೆ, ಇದನ್ನೂ ನನ್ನ ಸುತ್ತಲೇ ತಿರುಗಿಸಿಕೊಳ್ಳುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು.

ಮೊನ್ನೆ ಗುರುವಾರ ನಿಮ್ಮ ಕುರ್ಚಿಯ ಹತ್ತಿರ ಬಂದೆ. ಪಕ್ಕದ ಸಿಲಿಂಡರ್ ತಾತನಿಗೆ ನೀವು ಹೇಳಿದಿರಿ: “ಹೋಸ್ಟಮ್ಮ ಬಂದ್ರು, ನೋಡ್ರಪ್ಪ! ಏನು ಕೊಡ್ತೀಯಮ್ಮ ಇವತ್ತು? ಊಟನಾ, ಟೋಪಿನಾ?”

“ನನಗೆ ಟೋಪಿ ಬೇಡ, ಹೋದ ವಾರ ಹಾಕ್ಸಿಕೊಂಡಾಯ್ತು,” ಎಂದು ತಾತ ಕೆಮ್ಮುತ್ತ ನಕ್ಕ.

“ಮಾರ್ಲಿಸ್, ಏಳಿ. ಮನೆಗೆ ಬಿಟ್ಟು ಬರ್ತೀನಿ,” ಎಂದೆ.

“ಮನೇಲಿ ಯಾರಿದ್ದಾರೆ?”

“ಬೆಳಿಗ್ಗೆಯಿಂದ ಎದ್ದಿಲ್ಲ ನೀವು.”

ನಿಮ್ಮ ಬೆರಳು ಗುಂಡಿಯ ಮೇಲೇ ಇತ್ತು. ಪರದೆಯಿಂದ ಕಣ್ಣು ತೆಗೆಯದೆ, ಬಹಳ ಸಣ್ಣ ದನಿಯಲ್ಲಿ, “ಎದ್ದೇಳಕ್ಕಾಗ್ತಿಲ್ಲ ಕಣೇ. ನಿಲ್ಸಕ್ಕೇ ಆಗ್ತಿಲ್ಲ,” ಎಂದಿರಿ.

ನಾನು ಹೇಳಿದ್ದೇನು ಗೊತ್ತೇ? “ಊಟ ಆಯ್ತಾ? ಸೂಪ್ ತರಿಸ್ಲಾ?”

ನೀವು ನನ್ನ ಮುಖ ನೋಡಿದಿರಿ. ಏಳು ವಾರದಲ್ಲಿ ಮೊದಲ ಸಲ. ಆಮೇಲೆ ಗುಂಡಿ ಒತ್ತಿದಿರಿ.

ಆ ಮಾತು ನನ್ನ ಬಾಯಿಗೆ ಹೇಗೆ ಬಂತು ಎಂದು ನಿಮಗೆ ಗೊತ್ತಾಗಬೇಕು. ಹೋಸ್ಟ್ ಆದ ಮೊದಲ ವಾರ ಗಾರ್ಡಿ ನಮ್ಮನ್ನೆಲ್ಲ ಕೂರಿಸಿ ಕಲಿಸಿದ ಪಾಠ ಅದು. “‘ನನಗೆ ನಿಲ್ಸಕ್ಕಾಗ್ತಿಲ್ಲ’ ಅನ್ನೋ ಮಾತು ಅವರ ಬಾಯಿಂದ ಪೂರ್ತಿ ಹೊರಗೆ ಬರೋಕೆ ಬಿಡ್ಬೇಡಿ. ಕೇಳಿಸ್ಕೊಂಡ್ರೆ ಮೇಲಿನವರಿಗೆ ಬರ್ಕೊಡ್ಬೇಕಾಗುತ್ತೆ. ಬರ್ಕೊಟ್ರೆ ನಾವೇ ಅವರನ್ನ ಹೊರಗೆ ಹಾಕ್ಬೇಕಾಗುತ್ತೆ. ಅದಕ್ಕೇ, ಮುಖ ಸ್ವಲ್ಪ ಬಾಡ್ತಾ ಇದ್ದ ಹಾಗೇ ಊಟದ ವಿಷಯ ತೆಗೀರಿ.” ನಾವೆಲ್ಲ ನಕ್ಕು ಬರೆದುಕೊಂಡೆವು. ಐದು ವರ್ಷದಲ್ಲಿ ನಾನು ಎಷ್ಟು ಜನರಿಗೆ ಸೂಪ್ ತರಿಸಿದ್ದೇನೆ ಎಂದು ಈ ವಾರವೆಲ್ಲ ಎಣಿಸುತ್ತಿದ್ದೇನೆ. ಮುಖಗಳು ನೆನಪಾಗುತ್ತವೆ. ಸಂಖ್ಯೆ ಸಿಗುತ್ತಿಲ್ಲ.

ನಿಮ್ಮ ಮಾತು ನನಗೆ ಕೇಳಿಸಿತು, ಮಾರ್ಲಿಸ್. ಗುರುವಾರವೂ ಕೇಳಿಸಿತು, ಮೇ ತಿಂಗಳಲ್ಲೂ ಕೇಳಿಸಿತು. ಅದನ್ನು ಹೇಳುವುದಕ್ಕಷ್ಟೇ ಬರೆದೆ.

ರಮೋನಾ

*

ಲಾಫ್ಲಿನ್
ಸೆಪ್ಟೆಂಬರ್ 15

ಪ್ರೀತಿಯ ಮಾರ್ಲಿಸ್,

ಈ ಪತ್ರದ ಜೊತೆ ಇನ್ನೊಂದು ಪತ್ರದ ಪ್ರತಿ ಇದೆ. ಅದು ಲಾಸ್ ವೇಗಸ್‌ನಲ್ಲಿ ಕೂರುವ ನಮ್ಮ ಕಂಪನಿಯ ನಿಯಮಪಾಲನೆಯ ಅಧಿಕಾರಿಗೆ ಬರೆದದ್ದು. ಅದನ್ನು ಓದುವ ಮೊದಲು ಇದನ್ನು ಓದಿ.

ಹೋದ ವಾರ ನನಗೆ ಒಂದು ಫಲಕ ಕೊಟ್ಟರು. ಮೂರು ತಿಂಗಳ ಅತ್ಯುತ್ತಮ ಹೋಸ್ಟ್. ಗಾರ್ಡಿ ಕೇಕ್ ಕತ್ತರಿಸುತ್ತ, “ನಿನ್ನ ಆ ಬಸ್ ಡ್ರೈವರಜ್ಜಿ ಏನು ಹಾರಿಬಿಟ್ಟಳು, ರಮೋನಾ! ವಾರಕ್ಕೆ ಐದು ದಿನ! ಏನು ಮದ್ದು ಹಾಕ್ದೆ?” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಟ್ರೆಂಟ್ ನನ್ನ ಕೈಕುಲುಕಿ, “ನಮಗೂ ಸ್ವಲ್ಪ ಹೇಳ್ಕೊಡಕ್ಕ,” ಎಂದ. ನಾನು ಕೇಕ್ ತಿಂದೆ. ಇಡೀ ತುಂಡನ್ನು ತಿಂದೆ. ಬೇಡ ಎಂದು ತಟ್ಟೆ ಕೆಳಗಿಡುವಷ್ಟು ಧೈರ್ಯವೂ ನನ್ನಲ್ಲಿ ಇರಲಿಲ್ಲ.

ಸಂಜೆ ಇಟ್ಸೆಲ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಈ ಕೆಲಸ ಹೋದರೆ ಅವಳ ಇನ್ಸುಲಿನ್‌ಗೆ ಇರುವ ವಿಮೆಯೂ ಹೋಗುತ್ತದೆ, ಅದನ್ನೂ ಹೇಳಿದೆ. ನಾನು ಇಷ್ಟು ವರ್ಷ ಇಲ್ಲೇ ಇರುವುದಕ್ಕೆ ನನಗೆ ನಾನು ಕೊಟ್ಟುಕೊಳ್ಳುವ ಕಾರಣ ಅದೇ. ಸುಳ್ಳು ಕಾರಣವೂ ಅಲ್ಲ.

“ನನ್ನ ಕಾಲೇಜಿನಲ್ಲೇ ವಿಮೆ ಇದೆಯಮ್ಮ. ಎರಡು ವರ್ಷದಿಂದ ಹೇಳ್ತಿದ್ದೀನಿ,” ಎಂದಳು. ಆಮೇಲೆ, “ನೀನು ಈಗ ಯಾರನ್ನ ಕೇಳ್ತಿದ್ದೀಯ? ನನ್ನನ್ನಾ, ನಿನ್ನನ್ನಾ?” ಎಂದಳು.

ನಾನು ಬೇರೇನೋ ಹೇಳಲು ಬಾಯಿ ತೆರೆದೆ. “ಅಮ್ಮಾ, ಊಟದ ವಿಷಯ ಮಾತ್ರ ತೆಗೀಬೇಡ,” ಎಂದು ನಕ್ಕಳು. ಅವಳಿಗೆ ಆ ಪಾಠದ ಬಗ್ಗೆ ಅಷ್ಟು ಹೊತ್ತಿಗೆ ಹೇಳಿಯಾಗಿತ್ತು.

ಆ ರಾತ್ರಿ ಬರೆಯಬಾರದೆಂದು ಮಲಗಿದೆ. ಭಾನುವಾರದ ಬೆಳಕಿನಲ್ಲಿ, ಒಂದು ಲೋಟ ನೀರು ಪಕ್ಕದಲ್ಲಿಟ್ಟುಕೊಂಡು ಬರೆದಿದ್ದೇನೆ. ಕಾಪರ್ ಹೆರಾನ್‌ನ ಉದ್ಯೋಗಿಯಾದ ನಾನು, ಮಾರ್ಲಿಸ್ ಹ್ಯೂಗ್ಲೆಂಡ್ ಅವರ ಬಾಯಿಂದ ಆಗಸ್ಟ್ 1ರಂದು ‘ನಿಲ್ಸಕ್ಕೇ ಆಗ್ತಿಲ್ಲ’ ಎಂಬ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಂಡೆ ಎಂದು. ಅವರ ಗಂಡ ಸತ್ತ ದಿನ ಯಾವುದೆಂದು ದಾಖಲೆಯಲ್ಲಿ ಬರೆದವಳು ನಾನು, ಆ ದಿನಕ್ಕೆ ಕೂಪನ್ ಬದಲಾದದ್ದನ್ನು ನೋಡಿ ಸುಮ್ಮನಿದ್ದವಳೂ ನಾನು ಎಂದು. ನಮಗೆ ಕಲಿಸಿದ ಪಾಠ ಏನೆಂದು, ಕಲಿಸಿದವರ ಹೆಸರಿನ ಸಮೇತ. ಮತ್ತೆ ನಿಮ್ಮ ಮೇ 9ರ ಪತ್ರದ ಪ್ರತಿ, ಪೂರ್ತಿ ಹೆಸರಿನ ನಿಮ್ಮ ಸಹಿಯೊಂದಿಗೆ. ಬಾಯಿಮಾತನ್ನು ಕೇಳಿಸಲಿಲ್ಲ ಎನ್ನಬಹುದು. ಅಂಚೆಯಲ್ಲಿ ಬಂದ ಕಾಗದಕ್ಕೆ ಹಾಗೆ ಹೇಳಲಾಗುವುದಿಲ್ಲ. ಅದು ಸೇರಿದ ಮೇಲೂ ನಿಮ್ಮನ್ನು ಒಳಗೆ ಬಿಟ್ಟರೆ ತಪ್ಪು ಕಂಪನಿಯದು. ನಮ್ಮ ಜನ ಹೆದರುವುದು ಅದೊಂದಕ್ಕೇ.

ಅದು ಸೇರಿದ ದಿನದಿಂದ ನಿಮಗೆ ಈ ಬಾಗಿಲು ಮುಚ್ಚುತ್ತದೆ. ನೀವು ನಡೆದು ಬಂದು ಸಹಿ ಹಾಕಬೇಕಾಗಿಲ್ಲ. ನನಗೂ ಮುಚ್ಚುತ್ತದೆ ಎಂದುಕೊಂಡಿದ್ದೇನೆ, ಒಂದೆರಡು ವಾರ ಹಿಂದೆ ಮುಂದೆ.

ನೀವು ಕಳೆದುಕೊಳ್ಳುವುದೇನು ಎಂದು ನನಗೆ ಗೊತ್ತಿಲ್ಲ ಎನ್ನಲಾರೆ. ಈ ಬಿಸಿಲಿನಲ್ಲಿ ತಣ್ಣಗಿನ ಜಾಗ. ಕುರ್ಚಿ ಬಿಸಿಯಾಗಿಟ್ಟಿದ್ದೇನೆ ಎನ್ನುವ ವೆಂಡೆಲ್. ಆ ತಾತ. ಮನೆಯಲ್ಲಿ ಅಷ್ಟು ಸಲ ನಿಮ್ಮ ಹೆಸರು ಕರೆಯುವವರು ಯಾರೂ ಇಲ್ಲ. ಮೊದಲ ವಾರಗಳು ಕೆಟ್ಟದಾಗಿರುತ್ತವೆ. ಬೇರೆ ಕ್ಯಾಸಿನೊದ ಬಾಗಿಲಿಗೆ ನೀವು ಹೋಗಲೂಬಹುದು. ಅದನ್ನು ತಡೆಯುವ ಕಾಗದ ನನ್ನ ಬಳಿ ಇಲ್ಲ. ನಾನು ಬಂದರೆ ಬಾಗಿಲು ತೆರೆಯುತ್ತೀರೋ ಇಲ್ಲವೋ ಎಂಬುದೂ ತಿಳಿಯದು. ಬರುತ್ತೇನೆ. ಊರಿನಲ್ಲಿ ಬೇರೆ ಕೆಲಸ ಸಿಗುವವರೆಗೆ ನನಗೂ ಹಗಲು ಉದ್ದವೇ.

ನಿಮ್ಮನ್ನು ಕೇಳಿ ಕಳಿಸಬೇಕಿತ್ತೇ ಎಂದು ಮೂರು ದಿನ ಯೋಚಿಸಿದೆ. ಇಂಥ ದಿನದೊಳಗೆ ಬೇಡ ಎಂದರೆ ಕಳಿಸುವುದಿಲ್ಲ ಎಂದು ಒಂದು ಸಾಲು ಬರೆದೂ ಇದ್ದೆ. ಓದಿ ನೋಡಿದರೆ ಅದು ನಮ್ಮ ಕೂಪನ್ನಿನ ಹಾಗೇ ಇತ್ತು: ಒಂದು ದಿನಾಂಕ, ಅದರೊಳಗೆ ಬಂದರೆ ಲಾಭ. ಹೊಡೆದು ಹಾಕಿದೆ. ಮೇ ತಿಂಗಳಲ್ಲಿ ನೀವು ಒಪ್ಪಿ ಬರೆದದ್ದೇ ನಿಮ್ಮ ಮಾತು ಎಂದು ಹಿಡಿದಿದ್ದೇನೆ. ಜೂನ್‌ನಲ್ಲಿ ಬೇಡ ಎಂದದ್ದು ನನ್ನ ಕೈಯನ್ನು, ಆ ಅರ್ಜಿಯನ್ನಲ್ಲ. ಹೀಗೆ ಓದುವುದು ನನಗೆ ಅನುಕೂಲವಾಗಿದೆ ಎಂಬ ಕಾರಣಕ್ಕೇ ಇದರ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಆದರೂ ಕಳಿಸುತ್ತೇನೆ. ಹೌದು, ಇದನ್ನೂ ನಿಮ್ಮನ್ನು ಕೇಳದೆಯೇ ಬರೆದೆ. ಮೊದಲ ಸಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದೇ: ಈ ಸಲ ನಾನು ಬರೆದದ್ದರ ಪ್ರತಿ ನಿಮ್ಮ ಕೈಯಲ್ಲಿದೆ.

ಆ ಅಧಿಕಾರಿ ರಜೆ ಮುಗಿಸಿ ಬರುವುದು ಮುಂದಿನ ಸೋಮವಾರ, 23ಕ್ಕೆ. ಅದಕ್ಕೂ ಮೊದಲು ತಲುಪಿದರೆ ಕಾಗದ ತಿರುಗಿ ಗಾರ್ಡಿಯ ಮೇಜಿಗೆ ಬರುತ್ತದೆ. ಆದ್ದರಿಂದ ಅವರದು, ನಿಮ್ಮದು, ಎರಡು ಲಕೋಟೆಗಳನ್ನೂ ಅಂಟಿಸಿ, ಅಂಚೆಚೀಟಿ ಹಚ್ಚಿ, ಕಾರಿನ ಮುಂದಿನ ಸೀಟಿನ ಮೇಲೆ ಇಟ್ಟುಕೊಳ್ಳುತ್ತೇನೆ.

ರಮೋನಾ ಎಸ್ಕಾಲಂತೆ

ಅಂಚೆಗೆ ಹಾಕುವುದು: ಸೆಪ್ಟೆಂಬರ್ 20, ಶುಕ್ರವಾರ.